ಒರತೆಯ ಕಣ್ಣು ಕಾಯುವ ಗಿರಿಯಮ್ಮ

ಬೆಳಕು ಹರಿಯುವ ಹೊತ್ತು. ಲಿಂಗಸುಗೂರಿನಲ್ಲಿ ಬ್ರಿಟಿಷರ ದಂಡು ಬೀಡುಬಿಟ್ಟಿದ್ದ ಹಳೆಯ ಛಾವಣಿಯಾಚೆ, ಕುರುಚಲು ಕಾಡಿನ ಗುಡ್ಡದ ಬುಡದಲ್ಲಿ ಗಿರಿಯಮ್ಮ ಸೀರೆ ಮೇಲಕ್ಕೆತ್ತಿ ಕಟ್ಟಿಕೊಂಡು ಒರತೆಗೆ ಇಳಿಯುತ್ತಾರೆ. ಕೈಯಲ್ಲಿ ತೆಂಗಿನ ಚಿಪ್ಪು. ಅದರಿಂದಲೇ ತಳದ ಹೂಳು ಬಳಿದು ಬುಟ್ಟಿಗೆ ತುಂಬುತ್ತಾರೆ. ದಿನಕ್ಕೆ ಇಪ್ಪತ್ತು ಬುಟ್ಟಿ. ಭಾನುವಾರ ಪ್ರವಾಸಿಗರು ಬಂದು ಹೋದ ಮರುದಿನ ಮೂವತ್ತಕ್ಕೆ ಮೋಸವಿಲ್ಲ.

“ಸಲಿಕಿ ತಾಕಿದ್ರ ಒರತಿ ಕಣ್ಣು ಹೊಕ್ಕೈತ್ರೀ,” ಎನ್ನುತ್ತಾರೆ. ಕಣ್ಣೆಂದರೆ ಬಂಡೆಯಡಿ ನೀರು ಜಿನುಗುವ ಸಂದು. ಹೆಬ್ಬೆರಳು ತೂರಿದರೆ ಹೆಚ್ಚು.

ಐವತ್ತೆಂಟರ ಗಿರಿಯಮ್ಮನವರಿಗೆ ಈ ಕೆಲಸವನ್ನು ಯಾರೂ ಕೊಟ್ಟಿದ್ದಲ್ಲ. ಗಂಡ ತೀರಿಕೊಂಡ ವರ್ಷ ಒಬ್ಬರೇ ಕುರಿ ಹೊಡೆದುಕೊಂಡು ಬಂದಾಗ ಒರತೆ ಹೂತುಹೋಗಿತ್ತು, ಕುರಿಗಳು ಬಾಯಾರಿ ಒದರುತ್ತಿದ್ದವು. ಮೂರು ದಿನ ಬಳಿದ ಮೇಲೆ ನೀರು ಬಂತು. ಹದಿನೇಳು ವರ್ಷವಾಯಿತು, ಬಳಿಯುವುದು ನಿಂತಿಲ್ಲ. ಪ್ರವಾಸಿಗರಿಗೆಂದು ನೆಟ್ಟ ಬೋರ್ಡಿನಲ್ಲಿ ಮಾತ್ರ ಒರತೆಯ ಸುತ್ತಲಿನ ಕಲ್ಲು ಕಟ್ಟಿಸಿದ ಬ್ರಿಟಿಷ್ ದೊರೆಯ ಹೆಸರಿದೆ. “ಕಲ್ಲು ದೊರಿ ಕಟ್ಟಿಸ್ಯಾನ, ಖರೆ. ನೀರೂ ಅವನ ತಂದಾನೇನ್ರೀ?” ಎಂದು ನಗುತ್ತಾರೆ.

ಸಿಂಧನೂರು, ತುರ್ವಿಹಾಳ ಕಡೆಯಿಂದ ನೋಡಲು ಬರುವ ಮಂದಿಯೆಂದರೆ ಅವರಿಗೆ ಅಕ್ಕರೆಯೂ ಹೌದು, ತಲೆನೋವೂ ಹೌದು. ಕಾಲುವೆ ದಂಡೆಯಲ್ಲಿ ಬೆಳೆದವರು. ನೀರು ಕಂಡಲ್ಲಿ ಸೋಪು ಬಿಚ್ಚುತ್ತಾರೆ. “ನೊರಿ ಮುಂದ ಹೊಕ್ಕೈತಿ ಬಿಡಬೇ ಅಂತಾರ. ಎಲ್ಲಿಗೆ ಹೊಕ್ಕೈತೆಪಾ? ಕಾಲುವಿ ನೀರು ಹರೀತೈತಿ, ಒರತಿ ನೀರು ಕುಂತಿರತೈತಿ.”

ಇವತ್ತಿನ ಗಂಡಾಂತರ ಬೇರೆಯದು. ಪ್ರವಾಸಿಗರ ಕಾಲಿಗೆ ಕೆಸರು ಮೆತ್ತಬಾರದೆಂದು ಒರತೆಯ ತಳಕ್ಕೆಲ್ಲ ಸಿಮೆಂಟು ಬಳಿಯಲು ಗುತ್ತಿಗೆದಾರರು ಆಳು ಕಳಿಸುತ್ತಿದ್ದಾರೆ. ಬಳಿದರೆ ಕಣ್ಣು ಮುಚ್ಚಿದಂತೆಯೇ. ಗಿರಿಯಮ್ಮನವರಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ.

ಎಂಟರ ಸುಮಾರಿಗೆ ಮೇಸ್ತ್ರಿ ಮಲೀಕಸಾಬ ಬಂದು ಮೆಟ್ಟಿಲ ಮೇಲೆ ನಿಲ್ಲುತ್ತಾರೆ. “ಯವ್ವಾ, ಮ್ಯಾಲೆ ಬಾ. ಕೆಲಸ ಐತಿ.”

“ನೀನ ಕೆಳಗ ಬಾ, ಸಾಬಣ್ಣ.”

ಇಳಿದು ಬಂದ ಮೇಸ್ತ್ರಿಯ ಅಂಗೈ ಹಿಡಿದು ಗಿರಿಯಮ್ಮ ಸಂದಿನ ಮೇಲಿಡುತ್ತಾರೆ. ತಣ್ಣನೆಯ ನೀರು ಮೆಲ್ಲಗೆ ಕೈ ನೂಕುತ್ತದೆ. ಮಲೀಕಸಾಬ ಎಷ್ಟೋ ಹೊತ್ತು ಕೈ ತೆಗೆಯುವುದಿಲ್ಲ.

“ಹೊಟ್ಟ್ಯಾಗಿನ ಕೂಸು ಒದ್ದಂಗ ಒದೀತೈತಲ್ಲಬೇ!”

ಅಲ್ಲಿಂದಲೇ ಗುತ್ತಿಗೆದಾರರಿಗೆ ಫೋನು. “ಮೆಟ್ಟಲಕ್ಕ ಹಾಕ್ತೀನ್ರೀ. ತಳಕ್ಕ ನನ್ನ ಕೈಲೆ ಆಗಂಗಿಲ್ಲ. ಬೇಕಾದ್ರ ಬ್ಯಾರೆ ಮೇಸ್ತ್ರಿನ ಕರಸ್ರಿ.”

ನಾಳೆ ಬೇರೆ ಮೇಸ್ತ್ರಿ ಬಂದರೆ? ಕೇಳಿದವರತ್ತ ಗಿರಿಯಮ್ಮ ತಿರುಗಿಯೂ ನೋಡುವುದಿಲ್ಲ, ಬಗ್ಗಿ ಹೂಳು ಬಳಿಯುತ್ತಲೇ ಹೇಳುತ್ತಾರೆ:

“ಬರ್ಲಿ ಬಿಡ್ರೀ. ಅವಗೂ ಕೈ ಇರತಾವಲ್ಲ.”