ಎಬ್ಬಿಸದೇ ಉಳಿದ ರಾಜ

ಮೊನ್ನೆ ಅಟ್ಟದಿಂದ ಕಾಯಿ ಇಳಿಸುವಾಗ ಮೂಲೆಯಲ್ಲಿ ಒಂದು ತಗಡಿನ ಡಬ್ಬಿ ಸಿಕ್ಕಿತು. ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಚಮಚದ ಹಿಡಿಯಿಂದ ಮೀಟಿ ತೆಗೆದರೆ ಒಳಗೆ ಹೆಪ್ಪುಗಟ್ಟಿದ ಹಳದಿ ಬಣ್ಣ, ಅದರ ಮೇಲೆ ಹಳೇ ಎಣ್ಣೆಯ ಕಮಟು. ಕೊಬ್ಬರಿ ಎಣ್ಣೆಯಲ್ಲಿ ಅರೆದ ಅರದಾಳ ಅದು. ಆಟದ ವೇಷಗಾರರು ಮುಖಕ್ಕೆ ಹಚ್ಚಿಕೊಳ್ಳುತ್ತಿದ್ದ ಬಣ್ಣ. ಆ ವಾಸನೆ ಮೂಗಿಗೆ ಬಡಿದ ಕೂಡಲೇ ನಾನು ಮಾಡಿದ ಮೊದಲ ಕೆಲಸವೆಂದರೆ ಬಚ್ಚಲಿಗೆ ಓಡಿ ಸೋಪು ಹಾಕಿ ಕೈ ತೊಳೆದದ್ದು. ಅರದಾಳ ವಿಷವೆಂದು ಎಲ್ಲೋ ಓದಿದ್ದೆ. ಅವಳು ನೆನಪಾದದ್ದು ಆಮೇಲೆ... ಅವಳ ಮುಖದ ತುಂಬ ಇದೇ ಬಣ್ಣವಿತ್ತು.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ವರ್ಷದಲ್ಲಿ ಅರ್ಧಕಾಲ ಹಿಮ ಬೀಳುವ ದೇಶದಿಂದ, ನಾಟಕ ಓದುತ್ತಿದ್ದ ಹುಡುಗಿಯೊಬ್ಬಳು ಬಿಳಿಗೆರೆಯ ನಮ್ಮ ಮನೆಗೆ ಬಂದಳು. ಭಾರತಕ್ಕೆ ಹೋಗಿ ಯಾವುದಾದರೂ ಹಳೆಯ ಕುಣಿತದ ಆಟವನ್ನು ಗುರುವಿನ ಜೊತೆಗಿದ್ದು ಕಲಿತು ಬನ್ನಿ ಎಂದು ಅವಳ ಕಾಲೇಜಿನವರು ಕಳಿಸಿದ್ದರಂತೆ. ಜೊತೆಯವರೆಲ್ಲ ಕೇರಳಕ್ಕೂ ಕರಾವಳಿಗೂ ಹೋದರು. ಇವಳೊಬ್ಬಳು, ಬಯಲುಸೀಮೆಯಲ್ಲಿ ಮೂಡಲಪಾಯ ಯಕ್ಷಗಾನ ಎಂಬುದೊಂದಿದೆ ಎಂದು ಯಾರಿಂದಲೋ ತಿಳಿದು, ಅದರ ಭಾಗವತನಾಗಿದ್ದ ನನ್ನ ದೊಡ್ಡಪ್ಪನನ್ನು ಹುಡುಕಿಕೊಂಡು ತಿಪಟೂರಿನಲ್ಲಿ ರೈಲಿಳಿದಳು. ನಾನಾಗ ತಿಪಟೂರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದೆ. ಗುರುಶಿಷ್ಯರ ನಡುವಿನ ಮಾತು ದಾಟಿಸುವ ಕೆಲಸ ತಾನಾಗಿ ನನ್ನ ತಲೆಗೆ ಬಂತು. ಅವಳ ಹೆಸರು ನಮ್ಮಮ್ಮನ ನಾಲಿಗೆಯಲ್ಲಿ ಹೊರಳಲಿಲ್ಲ. ಒಂದೆರಡು ಸಲ ಒದ್ದಾಡಿ, ಕೊನೆಗೆ ‘ಪುಟ್ಟಿ’ ಎಂದಳು. ಅಂದಿನಿಂದ ಇಡೀ ಊರಿಗೆ ಅವಳು ಪುಟ್ಟಿ.

ಅವಳು ಬಂದ ದಿನದಿಂದ ನನಗೆ ನಿದ್ದೆ ಇಲ್ಲ. ನೀರು ಕುದಿಸಿದ್ದಾರೋ ಇಲ್ಲವೋ, ಮುದ್ದೆ ಗಂಟಲಲ್ಲಿ ಸಿಕ್ಕಿಕೊಂಡರೆ ಏನು ಗತಿ, ಹಾವು ಗೀವು... ಎಲ್ಲಕ್ಕಿಂತ ಹೆಚ್ಚಾಗಿ, ಅವಳು ರಾಜನ ಪಾತ್ರದ ಅಭ್ಯಾಸ ಮಾಡುತ್ತಿದ್ದುದು ಹಿತ್ತಲಿನ ತೆಂಗಿನ ಮರಗಳ ಕೆಳಗೆ. ಮೇಲಿಂದ ಒಂದು ಕಾಯಿ ಬಿದ್ದರೆ ಎರಡು ದೇಶಗಳ ನಡುವೆ ಮನಸ್ತಾಪ, ನಡುವೆ ನಾನು. ನನ್ನ ಸ್ಕೂಟರಿನ ಹೆಲ್ಮೆಟ್ಟು ಕೊಟ್ಟೆ. ಪಾಪ, ಅದನ್ನು ಹಾಕಿಕೊಂಡೇ ಗೆಜ್ಜೆ ಕಟ್ಟಿ ಕುಣಿದಳು. ದೊಡ್ಡಪ್ಪ ಬಂದು ನೋಡಿ ತಾಳ ಕೆಳಗಿಟ್ಟ.

‘ಅದೇನ್ಲಾ ಅದು, ರಾಜನ್ ತಲೆ ಮ್ಯಾಲೆ ಗಡಿಗೆ ಕವುಚಿದ್ದೀಯ?’

‘ಕಾಯಿ ಬಿದ್ರೆ ದೊಡ್ಡಪ್ಪ...’

‘ಮರಕ್ಕೆ ಕಣ್ಣೈತೆ ಕಣ್ಲಾ. ನಿನ್ ತಲೆ ಮ್ಯಾಲೆ ಬೇಕಾರೆ ಬೀಳ್ತದೆ, ಅವ್ಳ್ ಮ್ಯಾಲೆ ಬೀಳಾಕಿಲ್ಲ ಬುಡು.’

ಇದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೆಲ್ಮೆಟ್ಟು ನನಗೇ ವಾಪಸು ಬಂತು.

ಅವಳು ಕಲಿತದ್ದು ಪ್ರಸಂಗದ ಕೊನೆಯಲ್ಲಿ ಸಾಯುವ ರಾಜನ ಪಾತ್ರ. ಹೆಣ್ಣುಮಗಳಿಗೆ ಗಂಡು ವೇಷವೇ ಎಂದು ಮೇಳದಲ್ಲಿ ಒಂದಿಬ್ಬರು ಗೊಣಗಿದರು. ‘ಇಷ್ಟು ದಿವ್ಸ ಗಂಡಸ್ರು ಸೀರೆ ಉಟ್ಕಂಡಾಗ ಯಾರೂ ಕೆಮ್ಮಲಿಲ್ವಲ್ಲಾ’ ಎಂದು ದೊಡ್ಡಪ್ಪ ಅವರ ಬಾಯಿ ಮುಚ್ಚಿಸಿದ.

ಆ ಪಾತ್ರಕ್ಕೆ ನಮ್ಮ ಮೇಳದಲ್ಲಿ ಒಂದು ಕಟ್ಟಳೆ ಇತ್ತು. ರಂಗದ ಮೇಲೆ ಸತ್ತವನು ತಾನಾಗಿ ಏಳಕೂಡದು. ಮದ್ದಳೆ ನಿಲ್ಲುತ್ತದೆ. ಜನ ಉಸಿರು ಬಿಗಿಹಿಡಿದು ಕೂತಿರುತ್ತಾರೆ. ಭಾಗವತ ಒಂದು ಚೊಂಬು ನೀರು ಹಿಡಿದು ಬಂದು, ಬಿದ್ದವನ ಮುಖಕ್ಕೆ ಚಿಮುಕಿಸಿ, ಪಾತ್ರದ ಹೆಸರು ಬಿಟ್ಟು ಮನೆಯಲ್ಲಿ ಕರೆಯುವ ಹೆಸರಿನಿಂದ ಕರೆದು, ‘ಏಳಪ್ಪಾ, ಮನೇಗ್ ಹೋಗನ’ ಎಂದು ಕೈ ಹಿಡಿದು ಎತ್ತಬೇಕು. ಆಗಷ್ಟೇ ರಾಜನೊಳಗಿನಿಂದ ಮನುಷ್ಯ ಪೂರ್ತಿ ಹೊರಗೆ ಬರುತ್ತಾನೆ. ಹಾಗೆ ಎಬ್ಬಿಸದಿದ್ದರೆ ಅವನಲ್ಲೊಂದು ಪಾಲು ಆ ನೆಲದಲ್ಲೇ ಉಳಿದುಹೋಗುತ್ತದೆ ಎಂದು ದೊಡ್ಡಪ್ಪ ಹೇಳುತ್ತಿದ್ದ. ನಾನು ಓದಿದವನು, ಇಂಥದ್ದನ್ನೆಲ್ಲ ನಂಬುವುದಿಲ್ಲ. ನಂಬುವುದಿಲ್ಲ, ಹೆದರುತ್ತೇನೆ, ಅಷ್ಟೇ.

ಇದನ್ನು ಅವಳಿಗೆ ಬಿಡಿಸಿ ಹೇಳಿದ್ದೆ. ಅಭ್ಯಾಸದಲ್ಲಿ ಅವಳು ಎಷ್ಟೋ ಸಲ ಹಾಗೆ ಬಿದ್ದು, ದೊಡ್ಡಪ್ಪ ‘ಏಳವ್ವಾ ಪುಟ್ಟೀ’ ಎನ್ನುವವರೆಗೆ ಕಣ್ಣು ಮುಚ್ಚಿ ಮಲಗಿದ್ದೂ ಉಂಟು. ಒಮ್ಮೆ ದೊಡ್ಡಪ್ಪ ಕರೆಯುವುದು ತಡವಾಗಿ ನಿಜವಾಗಿಯೂ ನಿದ್ದೆ ಹೋಗಿದ್ದಳು.

ಆಟ ನಡೆದದ್ದು ನಮ್ಮ ಮನೆಯ ಮುಂದಿನ ಬಯಲಿನಲ್ಲಿ, ಅವಳು ಊರಿಗೆ ಹೊರಡುವ ಹಿಂದಿನ ರಾತ್ರಿ. ರಾಜ ಬಿದ್ದದ್ದು ಬೆಳಕು ಹರಿಯುವ ಹೊತ್ತಿಗೆ. ಅವಳು ಬಿದ್ದ ರೀತಿ ಈಗಲೂ ಕಣ್ಣಿಗೆ ಕಟ್ಟಿದೆ. ಕಡಿದ ಮರದ ಹಾಗಲ್ಲ... ನೆಲವೇ ಮೇಲೆ ಬಂದು ಅವಳನ್ನು ಇಳಿಸಿಕೊಂಡ ಹಾಗೆ. ಮದ್ದಳೆ ನಿಂತಿತು. ದೊಡ್ಡಪ್ಪ ಚೊಂಬಿಗೆ ಕೈ ಹಾಕಿದ. ಅಷ್ಟರಲ್ಲಿ ಮುಂದಿನ ಸಾಲಿನ ಕುರ್ಚಿಗಳಲ್ಲಿ ಕೂತಿದ್ದ ಪಟ್ಟಣದ ಅತಿಥಿಗಳು ಚಪ್ಪಾಳೆ ತಟ್ಟಿಬಿಟ್ಟರು. ನಮ್ಮೂರಲ್ಲಿ ಸಾವಿಗೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಅವಳ ದೇಶದಲ್ಲಿ ತಟ್ಟುತ್ತಾರೆ. ಅಲ್ಲಿ ನಾಟಕ ಮುಗಿದು ಚಪ್ಪಾಳೆ ಬಿದ್ದರೆ ಸತ್ತವರೂ ಎದ್ದು ಬಂದು ಸಾಲಾಗಿ ನಿಂತು ಬಾಗುತ್ತಾರೆ. ಚಿಕ್ಕಂದಿನಿಂದ ಮೈಗೆ ಹತ್ತಿದ ಅಭ್ಯಾಸ. ಚಪ್ಪಾಳೆ ಕೇಳಿದ್ದೇ ಅವಳು ಎದ್ದಳು, ಕಿರೀಟ ಸರಿಮಾಡಿಕೊಂಡಳು, ಕೈ ಮುಗಿದು ಬಾಗಿದಳು.

ಹಿಂದೆ ಚಾಪೆಗಳ ಮೇಲೆ ಕೂತಿದ್ದ ಊರು ಪಿಟ್ಟೆನ್ನಲಿಲ್ಲ. ಅಮ್ಮ ಮಾತ್ರ, ‘ಅಯ್ಯೋ ಮಗಾ, ಎದ್ದೇ ಬುಟ್ಯಲ್ಲೇ!’ ಎಂದು ಬಾಯಿಗೆ ಸೆರಗು ಒತ್ತಿಕೊಂಡಳು.

ದೊಡ್ಡಪ್ಪ ತುಂಬಿದ ಚೊಂಬು ಹಿಡಿದು ರಂಗದ ಅಂಚಿನಲ್ಲೇ ನಿಂತಿದ್ದ. ‘ಮಲಗಕ್ ಹೇಳ್ಲಾ ಅವ್ಳ್ನ. ಒಂದ್ ಗಳಿಗೆ ಸಾಕು’ ಎಂದ. ನಾನು ಹೋಗಿ ಹೇಳಿದೆ. ಅವಳ ನಾಲಿಗೆ ಹಲ್ಲಿಗೆ ಸಿಕ್ಕಿತು, ಕಟ್ಟಳೆ ನೆನಪಾಯಿತು. ಆದರೆ ಅಷ್ಟು ಹೊತ್ತಿಗೆ ಅತಿಥಿಗಳು ಹಾರ ಹಿಡಿದು ಮುತ್ತಿದ್ದರು, ಯಾರೋ ಫೋಟೋಕ್ಕೆ ಎಳೆಯುತ್ತಿದ್ದರು, ಬೆಂಗಳೂರಿಗೆ ಹೋಗಬೇಕಾದ ಕಾರಿನವನು ವಿಮಾನ ತಪ್ಪುತ್ತದೆಂದು ಹಾರನ್ ಒತ್ತುತ್ತಲೇ ಇದ್ದ. ಬರುವ ವರ್ಷ ಬಂದೇ ಬರುತ್ತೇನೆ, ಇದೇ ಜಾಗದಲ್ಲಿ ಮಲಗುತ್ತೇನೆ, ಆಗ ಎಬ್ಬಿಸಿ ಎಂದಳು. ದೊಡ್ಡಪ್ಪನ ಪಾದ ಮುಟ್ಟಿದಳು. ಬೆವರಿಗೆ ಹಳದಿ ಇಳಿದು ಅವನ ಕಾಲ ಬೆರಳಿಗೆಲ್ಲ ಹತ್ತಿತು. ಕಾರು ಹೋಯಿತು. ದೊಡ್ಡಪ್ಪ ಚೊಂಬನ್ನು ಹಾಗೇ ಒಳಗೆ ತೆಗೆದುಕೊಂಡು ಹೋದ.

ಬರುವ ವರ್ಷ ಅವಳು ಬರಲಿಲ್ಲ. ಓದು ಮುಗಿಸಿ ಅಲ್ಲೇ ಮೇಡಂ ಆದಳು, ನಮ್ಮ ಹೆಜ್ಜೆಗಳನ್ನು ಅಲ್ಲಿನ ಮಕ್ಕಳಿಗೆ ಕಲಿಸಿದಳು, ಮದುವೆ, ಮಗು... ಪ್ರತಿ ಸಲವೂ ಬರುವ ವರ್ಷ ಎಂದೇ ಬರೆಯುತ್ತಿದ್ದಳು. ಒಮ್ಮೆ ಸೈಕಲ್ಲಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ ಫೋಟೋ ಬಂತು. ದೊಡ್ಡಪ್ಪ ಕನ್ನಡಕ ಏರಿಸಿ ನೋಡಿ, ‘ಅರೆಬರೆ ಎದ್ದ್ ಹೋದೋಳು, ಬೀಳದೆ ಇರ್ತಾಳಾ’ ಎಂದ. ನನ್ನ ಕಳವಳ ಅಲ್ಲಿಂದ ಶುರುವಾದದ್ದು ನಿಲ್ಲಲೇ ಇಲ್ಲ. ಅವಳ ಪತ್ರ ತಡವಾದರೆ ದಿನಕ್ಕೆರಡು ಸಲ ಅಂಚೆ ಕಚೇರಿಗೆ ಹೋಗಿಬರುತ್ತಿದ್ದೆ. ಹೆಂಡತಿಗೆ ಏನೆಂದು ಹೇಳುವುದು? ಮುಂದೆ ವಿಡಿಯೋ ಕಾಲ್ ಬಂದಾಗ ಅದರಲ್ಲೇ ಕರೆದು ಮುಗಿಸಿಬಿಡೋಣ ಎಂದು ದೊಡ್ಡಪ್ಪನಿಗೆ ಹೇಳಿ ನೋಡಿದೆ.

‘ಫೋನಿಗ್ ನೀರು ಚಿಮ್ಕಿಸ್ಲೇನ್ಲಾ? ಕೆಟ್ಟೋಗಾಕಿಲ್ವಾ?’ ಎಂದ.

ಆಮೇಲೆ ಅವನು ರಾಜನ ಆ ಸಾವನ್ನು ಯಾರಿಂದಲೂ ಆಡಿಸಲಿಲ್ಲ. ಒಬ್ಬಳು ಇನ್ನೂ ಮಲಗಿರುವಾಗ ಅವಳ ಮೇಲೆ ಇನ್ನೊಬ್ಬನನ್ನು ಮಲಗಿಸುವುದು ಹೇಗೆ ಎನ್ನುತ್ತಿದ್ದ. ಪ್ರಸಂಗವನ್ನೇ ತಿದ್ದಿದ, ರಾಜ ಸಾಯದೆ, ಏನೋ ಕೆಲಸವಿದ್ದವನ ಹಾಗೆ ಒಳಗೆ ಹೋಗಿಬಿಡುತ್ತಿದ್ದ. ಶೆಟ್ಟಿಕೆರೆಯಲ್ಲಿ ಆಟವಾದಾಗ ಒಬ್ಬ ನನ್ನ ಭುಜ ತಟ್ಟಿ, ‘ನಿಮ್ ದೊಡ್ಡಪ್ಪನ ರಾಜಂಗೆ ಸಾವೇ ಇಲ್ವಲ್ಲಪ್ಪ, ಎಲ್ಲೋದ, ಬಸ್ಸಿಗ್ ಹೊತ್ತಾಯ್ತಾ?’ ಎಂದ. ನಗಬೇಕಾಗಿತ್ತು, ನಕ್ಕೆ. ಮನೆಯಲ್ಲಿ ಅಮ್ಮ, ಮುಂಜಾನೆ ಹಿತ್ತಲಿನಲ್ಲಿ ಧೊಪ್ಪೆಂದು ಕಾಯಿ ಬಿದ್ದಾಗಲೆಲ್ಲ ಒಲೆಯ ಮುಂದಿನಿಂದಲೇ, ‘ನೋಡು, ಪುಟ್ಟಿ ಹೆಜ್ಜೆ ಹಾಕ್ತವ್ಳೆ’ ಎನ್ನುತ್ತಿದ್ದಳು. ತಮಾಷೆಗೇ ಹೇಳುತ್ತಿದ್ದಳು. ಆದರೂ ನಾನು ಎದ್ದು ಹೋಗಿ ಬಿದ್ದ ಕಾಯಿಯನ್ನು ಕಣ್ಣಾರೆ ಕಂಡು ಬರುತ್ತಿದ್ದೆ. ಕೆಲವು ದಿನ ಕಾಯಿ ಕಾಣುತ್ತಿರಲಿಲ್ಲ...

ಈ ವರ್ಷ ಅವಳ ಶಿಷ್ಯನೊಬ್ಬ ಬರೆದ. ಬಹಳ ದಿನದ ಕಾಯಿಲೆಯಂತೆ, ನಮಗೆ ತಿಳಿಸಿರಲಿಲ್ಲ. ಹೋಗಿಬಿಟ್ಟಳು. ಮೊದಲು ನಾನು ಆ ಬಣ್ಣದ ವಿಷವೇ ಇರಬೇಕೆಂದು ಹೆದರಿ ಪರಿಚಯದ ಡಾಕ್ಟರನ್ನು ಕೇಳಿದೆ. ಒಂದು ರಾತ್ರಿ ಹಚ್ಚಿದ್ದಕ್ಕೆ ಇಷ್ಟು ವರ್ಷದ ಮೇಲೆ ಏನೂ ಆಗುವುದಿಲ್ಲ ಮಾರಾಯ ಎಂದು ನಕ್ಕರು. ಹಾಗಾದರೆ ಯಾವುದರಿಂದ ಎಂದು ಕೇಳಲು ಬಾಯಿ ಬರಲಿಲ್ಲ.

ದೊಡ್ಡಪ್ಪನಿಗೆ ಈಗ ತೊಂಬತ್ತರ ಹತ್ತಿರ. ಅಮ್ಮ ಹೋಗಿ ಆಗಲೇ ಕೆಲವು ವರ್ಷವಾಯಿತು. ಅವನಿಗೆ ಹೇಳುವುದೋ ಬೇಡವೋ ಎಂದು ದಿನಗಟ್ಟಲೆ ಒದ್ದಾಡಿ ಒಂದು ಸಂಜೆ ಹೇಳಿದೆ. ‘ಚೊಂಬ್ ತಗಂಡ್ ಬಾ’ ಎಂದ.

ಆಟವಾಡಿದ ಬಯಲಿನಲ್ಲಿ ಈಗ ಅವನ ಮಗ ಕೊಬ್ಬರಿ ಸುಲಿಸುವ ಶೆಡ್ಡು ಕಟ್ಟಿಸಿದ್ದಾನೆ. ಹೆಂಗಸರು ಕೆಲಸ ಮುಗಿಸಿ ಹೋಗಿದ್ದರು. ಚಿಪ್ಪಿನ ಚೂರುಗಳ ನಡುವೆ ಕೋಲು ಊರಿಕೊಂಡು ಅವನು ನೇರ ಒಂದು ಕಂಬದ ಪಕ್ಕಕ್ಕೆ ಹೋಗಿ ನಿಂತ. ಅವಳು ಬಿದ್ದದ್ದು ಅಲ್ಲೇ ಎಂದು ನನಗೂ ಗೊತ್ತಿತ್ತು. ಬಗ್ಗಲಾಗದು, ನಾನು ರಟ್ಟೆ ಹಿಡಿದುಕೊಂಡೆ. ಬೆರಳು ನೀರಿನಲ್ಲಿ ಅದ್ದಿದ. ಬಾಯಿ ತೆರೆದ. ಇಷ್ಟು ವರ್ಷದ ಭಾರ ಈಗ ಇಳಿಯುತ್ತದೆ, ಇನ್ನೇನು ಕರೆಯುತ್ತಾನೆ...

ಕರೆಯಲಿಲ್ಲ. ಬೆರಳಿನ ನೀರು ತೊಟ್ಟಿಕ್ಕಿ ಮುಗಿಯಿತು.

‘ಕರಿ ದೊಡ್ಡಪ್ಪ’ ಎಂದೆ.

‘ಎಬ್ಬಿಸಾದು ಮನೇಗ್ ಕಳ್ಸಕ್ಕಲ್ವೇನ್ಲಾ’ ಎಂದ ಅವನು. ‘ಈಗ ಎಬ್ಬಿಸಿ ಯಾವ್ ಮನೇಗ್ ಕಳಿಸ್ಲಿ? ಅಲ್ಲಿದ್ದ್ ಪಾಲು ಪೂರ್ತಿ ಹೊಂಟೋಯ್ತು. ಉಳಿದಿರಾದು ಇಷ್ಟೇಯ. ಇರ್ಲಿ ಬುಡು, ಮಲ್ಗಿರ್ಲಿ.’

ಚೊಂಬನ್ನು ನನ್ನ ಕೈಗೆ ಕೊಟ್ಟ. ಆಮೇಲೆ ಮನೆಗೆ ಬಂದೆವು. ಅಂದಿನಿಂದ ಅವನು ಅವಳ ಸುದ್ದಿ ಎತ್ತಿಲ್ಲ. ಅವನಿಗೆ ಸಮಾಧಾನವಾಗಿರಬೇಕು. ನನಗಿಲ್ಲ. ಅವನ ನಂತರ ಆ ಜಾಗ ಗೊತ್ತಿರುವವನು ನಾನೊಬ್ಬನೇ ಆಗುತ್ತೇನಲ್ಲ ಎಂಬುದು ಈಗಿನ ಚಿಂತೆ. ಏನಾದರೊಂದು ನೆಪ ಮಾಡಿಕೊಂಡು ಶೆಡ್ಡಿನ ಕಡೆ ಹೋಗುತ್ತೇನೆ. ಕೆಲಸದ ಹೆಂಗಸರು ಚಿಪ್ಪು ಒಡೆಯುತ್ತ, ಒಬ್ಬರನ್ನೊಬ್ಬರು ರೇಗಿಸುತ್ತ, ಶೆಡ್ಡು ಹಾರಿಹೋಗುವಂತೆ ನಗುತ್ತಿರುತ್ತಾರೆ. ನಿನ್ನೆ ತಡೆಯಲಾರದೆ, ‘ಒಸಿ ಮೆತ್ತಗ್ ಮಾತಾಡ್ರವ್ವಾ’ ಎಂದುಬಿಟ್ಟೆ.

‘ಯಾಕ್ ಸಾರ್, ಯಾರಾದ್ರೂ ಮಲ್ಗವ್ರಾ?’ ಎಂದು ಒಬ್ಬಳು ಕಣ್ಣು ಮಿಟುಕಿಸಿ ಕೇಳಿದಳು.

‘ಹೂಂ ಕಣವ್ವ’ ಎಂದೆ.

ಅವಳು ಸುತ್ತ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಯಾರೂ ನಗಲಿಲ್ಲ.