ಉಳಿದರ್ಧ ಜೋಗುಳ

ಅರ್ಧ ಜೋಗುಳ ಹಾಡುವುದರಿಂದಲೇ ಮಗು ಅರ್ಧ ನಿದ್ದೆಯಲ್ಲೇ ಏಳುತ್ತಿದೆಯೇನೋ ಎಂಬ ಚಿಂತೆ, ಓದಿದವಳಾದರೂ, ಘಿಜ್ಲಾನಳನ್ನು ವಾರದಿಂದ ಬಿಟ್ಟಿರಲಿಲ್ಲ. ಅದನ್ನು ತಲೆಗೆ ಹಾಕಿದವರು ಮೇಲಿನ ಮನೆಯ ಎಮರಿ, ಸಂಗೀತ ಕಟ್ಟುವ, ಪುಸ್ತಕ ಬರೆಯುವ ಅಮೆರಿಕದ ಮುದುಕರು. ನಲವತ್ತು ವರ್ಷಗಳಿಂದ ಪ್ರತಿ ರಂಜಾನ್ ಮುಗಿದಾಗಲೂ "ಈ ಟ್ಯಾಂಜಿಯರ್ ಊರು ಸಾಕು, ಹೊರಟೆ" ಎನ್ನುತ್ತಾರೆ. ಕಟ್ಟಿಟ್ಟ ಪೆಟ್ಟಿಗೆಗಳ ಮೇಲೆಯೇ ಬಂದವರಿಗೆ ಪುದೀನ ಚಹಾ ಇಡುತ್ತಾರೆ. ಬೇಸಿಗೆಯಲ್ಲೂ ಉಣ್ಣೆಯ ಕೋಟು. ಅವರಾಡುವುದು ಹಳೇ ಮುದುಕಿಯರ ಅರಬ್ಬಿ, ಅದಕ್ಕೇ ಮೀನಿನವಳು "ನಮ್ಮಜ್ಜಿ ಬಂದ್ಲು, ದಾರಿ ಬಿಡ್ರೋ!" ಎಂದು ಕೂಗುತ್ತಾಳೆ. ಮನೆಗೆ ಫೋನ್ ಹಾಕಿಸಿಲ್ಲ: "ಫೋನಿದ್ರೆ ಜನ ಮಾತಾಡ್ತಾರೆ, ಹಾಡೋದಿಲ್ಲ." ಯಾರಾದರೂ ಹಾಡಿದರೆ ಮಾತ್ರ ಟೇಪ್ ರೆಕಾರ್ಡರ್ ಹೊತ್ತು ಹಾಜರು, ಉಣ್ಣೆ ತೊಳೆಯುವವರನ್ನೂ ಬಿಟ್ಟಿಲ್ಲ, ಮದುಮಗಳಿಗೆ ಗೋರಂಟಿ ಹಚ್ಚುವವರನ್ನೂ ಬಿಟ್ಟಿಲ್ಲ. ಕಳೆದ ಶುಕ್ರವಾರ ಘಿಜ್ಲಾನಳ ಜೋಗುಳ ಕೇಳಿ, "ಮಗಳೇ, ಇದು ನಡುವೆಯೇ ನಿಂತಿತಲ್ಲ?" ಎಂದಿದ್ದರು. ಇಂದು ಮತ್ತೆ ಬಂದರು. "ಉಳಿದದ್ದು ಸಿಕ್ತಾ?" "ಅದು ಅಮ್ಮನಿಗೆ ಗೊತ್ತು, ಸೀದಿ ಎಮರಿ. ಅವಳು ಒಪ್ಪದ ಮದುವೆ ಆದಾಗಿಂದ ನಾವಿಬ್ರೂ ಮಾತಾಡಿಲ್ಲ." ಎಮರಿ ತಾವಾಗಿ ರೆಕಾರ್ಡರ್ ನಿಲ್ಲಿಸಿದ್ದನ್ನು ಅವಳು ನೋಡಿದ್ದು ಅದೇ ಮೊದಲು. "ಈ ಊರಿನ ತಾಯಂದಿರ ಹಾಡೆಲ್ಲ ನನ್ನ ಹತ್ರ ಇದೆ. ನಮ್ಮಮ್ಮ ಹಾಡಿದ್ದು ಒಂದೂ ಇಲ್ಲ. ಕೇಳೋಣ ಅಂದ್ಕೊಳ್ಳೋ ಹೊತ್ತಿಗೆ ಅವಳೇ ಇರಲಿಲ್ಲ." ಅವರು ಮೆಟ್ಟಿಲು ಹತ್ತಿ ಹೋದ ಮೇಲೆ ಘಿಜ್ಲಾನ್ ಮಗುವನ್ನು ಹೆಗಲಿಗೆ ಹಾಕಿಕೊಂಡು ತೆತುವಾನ್ ಊರಿನ ಅಮ್ಮನ ಮನೆಯ ನಂಬರು ತಿರುಗಿಸಿದಳು. "ಅಮ್ಮಾ, ನಾನು. ಫೋನ್ ಇಡ್ಬೇಡ. ಚಂದ್ರ ಬಂದು ಕಿಟಕೀಲಿ ಕೂತ್ಕೊಂಡ... ಆಮೇಲೆ ಏನಮ್ಮ?"