ಚಮಕಾ ಸೆರಗಿನ ಮೇಲೆ ಗೌಜಲ ಮರಿಗಳು

ಇಳಕಲ್ಲಿನ ನಮ್ಮ ಓಣಿಯಲ್ಲಿ ಮಗ್ಗ ಇಲ್ಲದ ಮನೆಯನ್ನು ಹುಡುಕಬೇಕು. ತತ್ತಿಗೆ ಕಾವು ಕೊಡುವ ಮಷೀನು ಇರುವ ಮನೆ ಮಾತ್ರ ನಮ್ಮದೊಂದೇ. ಗೌಜಲ ಹಕ್ಕಿ ಸಾಕಬೇಕೆಂಬ ಹಟ ನನ್ನದು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಈ ಹಕ್ಕಿ ಸಾಕುವವರೊಬ್ಬರಿಂದ ಮೂವತ್ತು ತತ್ತಿ ತಂದೆ. ಬಸ್ಸಿನಲ್ಲಿ ಹುನಗುಂದದವರೆಗೆ ಸೀಟು ಸಿಗಲಿಲ್ಲ, ಡಬ್ಬಿಯನ್ನು ಎದೆಗೆ ಅವಚಿಕೊಂಡು ನಿಂತೇ ಬಂದೆ. ಅತ್ತೆ ಡಬ್ಬಿ ತೆರೆದು ನೋಡಿ, "ಇಷ್ಟ ಸಣ್ಣ ತತ್ತಿಗೆ ಇಷ್ಟ ದೊಡ್ಡ ಸೊಕ್ಕೇನ ನಿಂದು?" ಎಂದರು.

ನಾನು ಮಗ್ಗದ ಮೇಲೆ ಕೂತರೂ ಕಾಣುವ ಹಾಗೆ ಮಷೀನನ್ನು ಇಟ್ಟುಕೊಂಡೆ. ದಿನಕ್ಕೆ ಮೂರು ಸಲ ತತ್ತಿ ಹೊರಳಿಸಿದೆ, ಕಾವು ಏರದಂತೆ ಇಳಿಯದಂತೆ ಕಾದೆ, ಒಳಗಿನ ತಟ್ಟೆಯಲ್ಲಿ ನೀರು ಆರಲು ಬಿಡಲಿಲ್ಲ. ಕೊನೆಯ ಮೂರು ದಿನ ಹೊರಳಿಸಬಾರದು, ಮುಚ್ಚಳ ತೆಗೆಯಬಾರದು ಎಂದು ತತ್ತಿ ಕೊಟ್ಟವರು ಹೇಳಿದ್ದರು. ಕೈ ತುರಿಸುತ್ತಿದ್ದರೂ ಅದನ್ನೂ ಪಾಲಿಸಿದೆ. ಹದಿನೇಳನೆಯ ದಿನ ಬೆಳಿಗ್ಗೆ ಮೊದಲ ತತ್ತಿ ಬಿರಿಯಿತು. ಮರುದಿನಕ್ಕೆ ಇಪ್ಪತ್ತೊಂದು ಮರಿಗಳು, ಒಂದೊಂದೂ ಹೆಬ್ಬೆರಳ ತುದಿಯಷ್ಟು.

ನಮ್ಮ ಮನೆಯಲ್ಲಿ ಹುಟ್ಟಿದ ಕೂಸನ್ನು ಮೊದಲು ಮಲಗಿಸುವುದು ಸೀರೆಯ ಸೆರಗಿನ ಮೇಲೆ. ನನ್ನ ಮಕ್ಕಳಿಬ್ಬರನ್ನೂ ಹಾಗೆಯೇ ಮಲಗಿಸಿದ್ದರು. ಮೈ ಆರಿದ ಮರಿಗಳನ್ನು ಬಲ್ಬು ಹಾಕಿದ ಪೆಟ್ಟಿಗೆಗೆ ಬಿಡುವಾಗ ಒರಟು ಗೋಣಿಚೀಲ ಹಾಸಲು ನನಗೆ ಮನಸ್ಸೇ ಬರಲಿಲ್ಲ. ನಾನೇ ನೇಯ್ದ, ಎಳೆ ತಪ್ಪಿದ್ದರಿಂದ ಮನೆಯಲ್ಲೇ ಉಳಿದಿದ್ದ ಕೆಂಪು ಸೆರಗೊಂದನ್ನು ಮಡಿಸಿ ಹಾಸಿದೆ. ಅದು ಚಮಕಾ, ರೇಷ್ಮೆಯಂತೆ ಹೊಳೆಯುವ ನೂಲು. ಓಣಿಯವರನ್ನೆಲ್ಲ ಕರೆದು ತೋರಿಸಿದೆ. ಜಂಬ ಬೇರೆ!

ಮರುದಿನ ಬೆಳಿಗ್ಗೆ ನೋಡಿದರೆ ಒಂಬತ್ತು ಮರಿಗಳು ಹೊಟ್ಟೆಯ ಮೇಲೆ ಬಿದ್ದಿದ್ದವು, ಕಾಲುಗಳು ಎರಡೂ ಕಡೆಗೆ ಚಾಚಿಕೊಂಡಿದ್ದವು. ನುಣುಪು ಬಟ್ಟೆಯ ಮೇಲೆ ಹಿಡಿತ ಸಿಗದೆ ಜಾರಿ ಜಾರಿ ಎಳೆಯ ಕಾಲುಗಳು ಅಗಲಿಬಿಟ್ಟಿದ್ದವು. ವಿದ್ಯಾಗಿರಿಯವರಿಗೆ ಫೋನ್ ಮಾಡಿದೆ. "ಅಕ್ಕಾರ, ಎರಡೂ ಕಾಲು ಸೇರಿಸಿ ಕಟ್ಟಿ ನೋಡ್ರಿ. ಮೂರು ದಿನದಾಗ ನಿಂತ್ರ ನಿಂತಾವು, ಇಲ್ಲಾಂದ್ರ ಕೈ ಬಿಡ್ರಿ. ನಿಲ್ಲಾಕ ಬರದ ಮರಿ ಬದುಕಂಗಿಲ್ಲ," ಎಂದರು.

ಸಿಟ್ಟು ನೆತ್ತಿಗೇರಿತು, ಅವರ ಮೇಲಲ್ಲ, ನನ್ನ ಮೇಲೇ. ಸೆರಗನ್ನು ಎಳೆದು ಮೂಲೆಗೆ ಬಿಸಾಡಿ ಗೋಣಿಚೀಲ ಹಾಸಿದೆ. ಮಗ್ಗದ ನೂಲಿನಿಂದ ಒಂದು ಮರಿಯ ಕಾಲು ಕಟ್ಟಿದೆ, ನೂಲು ಚರ್ಮವನ್ನು ಕೊರೆಯಿತು. ದಿನವೂ ಹರಿದ ಎಳೆ ಕೂಡಿಸುವ ಕೈಯಿಂದಲೇ ಬಿಚ್ಚಿ ಮತ್ತೆ ಬಿಗಿದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ ಒಳಗೆ ಬಂದು ಪಕ್ಕದಲ್ಲಿ ಕೂತರು.

"ಹಿಂಗ ಬಿಗದ್ರ ಕಾಲ ಹೋಗ್ತಾವ. ಇದೇನ ಮಗ್ಗನ? ಸರಿ ಅತ್ತಾಗ."

ಅವರು ಹತ್ತಿ ನೂಲಿನ ಏಳೆಂಟು ಎಳೆಗಳನ್ನು ಹುರಿ ಮಾಡದೆ ಮೆತ್ತಗೆ ಕೂಡಿಸಿ, ಎರಡು ಕಾಲಿಗೂ ಸಡಿಲ ಕುಣಿಕೆ ಹಾಕಿ, ನಡುವೆ ನಿಲ್ಲಲು ಬೇಕಾದಷ್ಟೇ ಅಂತರ ಬಿಟ್ಟರು. ನಾನು ಮರಿ ಹಿಡಿದೆ, ಅವರು ಕಟ್ಟಿದರು. ಒಂಬತ್ತೂ ಮುಗಿಯುವ ತನಕ ಇಬ್ಬರೂ ಚಹಾದ ಹೆಸರೆತ್ತಲಿಲ್ಲ.

ಆಮೇಲೆ ತಾಸಿಗೊಮ್ಮೆ ಒಂದೊಂದನ್ನೇ ಎತ್ತಿ ಕೊಕ್ಕನ್ನು ನೀರಿಗೆ ತಾಗಿಸುವುದೇ ಕೆಲಸವಾಯಿತು. ಎರಡನೆಯ ದಿನ ಒಂದು ಸತ್ತಿತು. ಹಿತ್ತಲಲ್ಲಿ ಹೂಳಿ ಬಂದು, ಕಣ್ಣು ಒರೆಸಿಕೊಂಡು ಮತ್ತೆ ಪೆಟ್ಟಿಗೆಯ ಮುಂದೆ ಕೂತೆ. ಮೂರನೆಯ ದಿನ ಕಟ್ಟು ಬಿಚ್ಚಿದಾಗ ಏಳು ಮರಿಗಳು ನಡೆದವು. ಉಳಿದ ಒಂದು ಎಲ್ಲಕ್ಕಿಂತ ಮೊದಲು ಹುಟ್ಟಿದ್ದು. ಬೆನ್ನ ಮೇಲೆ ಅಗಲವಾದ ಹಳದಿ ಪಟ್ಟಿ ಇತ್ತು. ಅದು ಮೊದಲಿನಂತೆಯೇ ಕಾಲು ಚಾಚಿ ಬಿತ್ತು.

ನಾನು ಮತ್ತೆ ಕಟ್ಟಿದೆ. ನಾಲ್ಕನೆಯ ದಿನ ಬಿಚ್ಚಿದೆ, ಬಿತ್ತು, ಕಟ್ಟಿದೆ. ಐದನೆಯ ದಿನವೂ ಅದೇ. ಮಗ್ಗದ ಮೇಲಿನ ಸೀರೆ ಅರ್ಧಕ್ಕೇ ನಿಂತಿತ್ತು. "ಒಂದು ಮರಿಗೆ ಇಷ್ಟ್ಯಾಕ?" ಎಂದು ನಮ್ಮವರು ಕೇಳಿದರು. "ಹುಟ್ಟಿದಾಗ ಅದರ ಕಾಲು ಚಲೋನ ಇದ್ವು. ಕೆಡಿಸಿದಾಕಿ ನಾ," ಎಂದೆ.

ಏಳನೆಯ ದಿನ ಬಿಚ್ಚಿದಾಗ ಅದು ನಿಂತಿತು. ನೆಟ್ಟಗಲ್ಲ, ಕಾಲು ಅಗಲಿಸಿಕೊಂಡು, ಮೈಯೆಲ್ಲ ನಡುಗಿಸುತ್ತ. ಕಾಳಿನ ಕಡೆಗೆ ಮೂರು ಹೆಜ್ಜೆ ಇಟ್ಟಿತು. ಅಷ್ಟರಲ್ಲಿ ಉಳಿದ ಮರಿಗಳು ನುಗ್ಗಿ ಬಂದು ಕೆಡವಿದವು. ನನಗೆ ತಡೆಯಲಾಗಲಿಲ್ಲ, ನೂಲು ಹಿಡಿದು ಕೈ ಚಾಚಿದೆ. ಅತ್ತೆ ನನ್ನ ಮುಂಗೈ ಹಿಡಿದುಕೊಂಡರು.

"ಇನ್ನ ಕಟ್ಟಬ್ಯಾಡ ತಂಗಿ. ಬಿದ್ರೂ ಎದ್ದೇಳತೈತಿ, ನೋಡು."